ನೆಲದ ನಿತ್ಯಕಂಪನ: ಕಾಗಿಣಾ ಸೀಮೆಯ ಭೂಪದರಗಳನ್ನು ಅರಿಯುವ ಒಂದು ಉಪಾಯ

ಭೂಮಿಗೆ ನಿಘಂಟುಕಾರರು ಕೊಟ್ಟ ಹಲವು ಹೆಸರುಗಳಲ್ಲಿ 'ಅಚಲಾ' ಎಂಬುದೊಂದು, 'ಸ್ಥಿರಾ' ಎಂಬುದು ಇನ್ನೊಂದು. ಕಾಲಿಟ್ಟಲ್ಲಿ ಕಾಲು ನಿಲ್ಲುವಂತೆ ಮಾಡುವ ಈ ನೆಲವನ್ನು ಅಲುಗದ ವಸ್ತುವೆಂದು ಹಿರಿಯರು ಬಗೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಸೂಕ್ಷ್ಮವಾದ ಯಂತ್ರವೊಂದನ್ನು ಈ ನೆಲದ ಮೇಲಿಟ್ಟು ನೋಡಿದರೆ ಅದು ಕ್ಷಣಮಾತ್ರವೂ ಸುಮ್ಮನಿರುವುದಿಲ್ಲವೆಂಬುದು ಗೊತ್ತಾಗುತ್ತದೆ. ಹಗಲಿರುಳೆನ್ನದೆ, ಭೂಕಂಪವಿರಲಿ ಇಲ್ಲದಿರಲಿ, ನೆಲವು ಸಣ್ಣಗೆ ನಡುಗುತ್ತಲೇ ಇರುತ್ತದೆ. ಈ ನಡುಕದ ಅಳತೆ ಒಂದು ಮಿಲಿಮೀಟರಿನ ನೂರನೆಯ ಭಾಗದಿಂದ ಹತ್ತು ಸಾವಿರದನೆಯ ಭಾಗದವರೆಗೆ ಇರುವುದರಿಂದ ಮನುಷ್ಯನ ಅರಿವಿಗೆ ಅದು ಬರುವುದಿಲ್ಲ. ಇದನ್ನೇ ಇಲ್ಲಿ 'ನಿತ್ಯಕಂಪನ' ಎಂದು ಕರೆಯಲಾಗಿದೆ.

ಬಹುಕಾಲ ಈ ಕಂಪನವನ್ನು ವಿಜ್ಞಾನಿಗಳು ಕೇವಲ ಉಪದ್ರವವೆಂದು ಎಣಿಸಿದ್ದರು. ದೂರದ ಭೂಕಂಪದ ತರಂಗಗಳನ್ನು ಓದಬೇಕಾದಾಗ ಅದು ಸಂತೆಯ ಗದ್ದಲದಂತೆ ಅಡ್ಡ ಬರುತ್ತಿತ್ತು. ಆದರೆ ಆ ಗದ್ದಲದಲ್ಲಿಯೇ ಮಣ್ಣಿನಡಿಯ ಸಮಾಚಾರ ಅಡಗಿದೆಯೆಂಬುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಸ್ಪಷ್ಟವಾಯಿತು. ನೆಲವನ್ನು ಕೊರೆಯದೆ, ಸಿಡಿಮದ್ದು ಸಿಡಿಸದೆ, ಅದರ ಮೇಲಿನ ಕೆಲವು ಹತ್ತು ಮೀಟರುಗಳ ರಚನೆಯನ್ನು ತಿಳಿಯುವ ಈ ಉಪಾಯವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಸೀಮೆಗೆ ಹೇಗೆ ಅನ್ವಯಿಸುತ್ತದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯವು ಕೇವಲ ಪಾಂಡಿತ್ಯದ್ದಲ್ಲ. 2021ರ ಅಕ್ಟೋಬರ್ ತಿಂಗಳಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಗುಡುಗಿನಂತಹ ಸದ್ದು ಕೇಳಿಸಿ, ಮೇಲಿಂದ ಮೇಲೆ ಲಘು ಕಂಪನಗಳಾದುದನ್ನು ವಾಚಕರು ಮರೆತಿರಲಾರರು. ಜನರು ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿ ಕಳೆದರು. ಅನೇಕರು ಬೀಗರ, ನೆಂಟರ ಊರುಗಳಿಗೆ ಹೋದರು. ನೆಲವು ಅತಿ ಆಳದಲ್ಲಲ್ಲದೆ ಮೇಲುಮೇಲಿನಲ್ಲಿಯೇ ಬಿರಿದಾಗ ಅದರ ತರಂಗಗಳ ಒಂದಂಶ ಗಾಳಿಗೆ ದಾಟಿ ಕಿವಿಗೆ ಸದ್ದಾಗಿ ಕೇಳಿಸುತ್ತದೆ. ಮಳೆಗಾಲದ ನೀರು ಬಂಡೆಯ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡವನ್ನು ಬದಲಿಸುವುದರಿಂದ ಇಂತಹ ಸಣ್ಣ ಕಂಪನಗಳಾಗಬಹುದೆಂಬ ವಿವರಣೆಯನ್ನು ಅಂದು ತಜ್ಞರು ನೀಡಿದರು. ಆ ರಾತ್ರಿಗಳಲ್ಲಿ ಪ್ರತಿಯೊಬ್ಬ ಗೃಹಸ್ಥನ ಮನಸ್ಸಿನಲ್ಲಿದ್ದ ಪ್ರಶ್ನೆಗಳು ಎರಡು: 'ನನ್ನ ಮನೆಯ ಕೆಳಗೆ ಏನಿದೆ? ನನ್ನ ಮನೆ ತಾಳುವುದೇ?' ಇವುಗಳಲ್ಲಿ ಮೊದಲನೆಯದಕ್ಕೆ ಉತ್ತರ ಕೊಡುವ ಸಾಧನಗಳಲ್ಲಿ ನಿತ್ಯಕಂಪನದ ಅಧ್ಯಯನವೂ ಒಂದು; ಎರಡನೆಯದಕ್ಕೂ ಅದು ಸ್ವಲ್ಪಮಟ್ಟಿಗೆ ಬೆಳಕು ತೋರಬಲ್ಲುದು.

ಸೀಮೆಯ ನೆಲದ ಸ್ವರೂಪ

ಈ ಸೀಮೆಯ ತಳಪಾಯವು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅದರ ಮೇಲೆ ಪ್ರಾಚೀನ ಜಲಾಶಯವೊಂದರ ತಳದಲ್ಲಿ ಪದರಪದರವಾಗಿ ಕೂತ ಮರಳುಗಲ್ಲು, ಜೇಡಿಗಲ್ಲು ಮತ್ತು ಸುಣ್ಣಕಲ್ಲುಗಳಿವೆ. 1872ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಇವುಗಳಿಗೆ ಭೀಮಾ ನದಿಯ ಹೆಸರನ್ನಿತ್ತನು. ಸುಮಾರು 5,000 ಚದರ ಕಿಲೋಮೀಟರ್ ಹರಡಿರುವ ಈ ಭೀಮಾ ಜಲಾನಯನದ ಶಿಲೆಗಳ ಒಟ್ಟು ದಪ್ಪ ಸುಮಾರು 300 ಮೀಟರ್. ಮನೆಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಫರಸಿಯೂ, ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ಅರೆಯುವ ಸುಣ್ಣಕಲ್ಲೂ ಈ ಶ್ರೇಣಿಗೆ ಸೇರಿದವು. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು, ಅಂದರೆ ಇಂದಿನ ಮಳಖೇಡವು, ಈ ಕಲ್ಲಿನ ಮೇಲೆಯೇ ಕಾಗಿಣಾ ತೀರದಲ್ಲಿ ನಿಂತಿದೆ.

ಉತ್ತರಕ್ಕೆ ಚಿಂಚೋಳಿಯತ್ತ ಸಾಗಿದಂತೆ ಸುಣ್ಣಕಲ್ಲಿನ ಮೇಲೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕರಿಗಲ್ಲು ಬರುತ್ತದೆ. ಎತ್ತರದ ಬಯಲುಗಳಲ್ಲಿ ಅದರ ತಲೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಇವೆಲ್ಲವುಗಳ ಮೇಲೆ ತೊಗರಿ ಬೆಳೆಯುವ ಎರೆಮಣ್ಣು ಎಲ್ಲೋ ಒಂದು ಮೊಳ, ಎಲ್ಲೋ ಹಲವು ಮೀಟರ್ ದಪ್ಪಕ್ಕೆ ಹರಡಿದೆ. ಮೇಲೆ ನಿಂತು ನೋಡುವವನಿಗೆ ಎರಡು ಹೊಲಗಳೂ ಒಂದೇ. ಒಂದರಲ್ಲಿ ಗುದ್ದಲಿ ಎರಡು ಅಡಿಗೇ ಕಲ್ಲಿಗೆ ತಾಗುತ್ತದೆ, ಇನ್ನೊಂದರಲ್ಲಿ ಇಪ್ಪತ್ತು ಅಡಿ ಅಗೆದರೂ ಕಲ್ಲು ಸಿಗುವುದಿಲ್ಲ. ನಿತ್ಯಕಂಪನದ ಅಧ್ಯಯನವು ಬಯಲಿಗೆ ತರುವುದು ಈ ಭೇದವನ್ನೇ.

ಕಂಪನದ ಮೂಲಗಳು

ನಿತ್ಯಕಂಪನವನ್ನು ಕ್ರಮವಾಗಿ ನೋಡಿದವರಲ್ಲಿ ಮೊದಲಿಗನು ಇಟಲಿಯ ತಿಮೋತೆಯೋ ಬೆರ್ತೆಲ್ಲಿ (1826–1905). ಆತನು ಕ್ರೈಸ್ತ ಧರ್ಮಸಂಘವೊಂದರ ಯತಿ. ಫ್ಲಾರೆನ್ಸ್ ನಗರದಲ್ಲಿ ತನ್ನ ಸಂಘವು ನಡೆಸುತ್ತಿದ್ದ ವಿದ್ಯಾಲಯದ ಅಧ್ಯಾಪಕ. ತೂಗುಬಿಟ್ಟ ಲೋಲಕವೊಂದನ್ನು ಸೂಕ್ಷ್ಮದರ್ಶಕದ ಮೂಲಕ 1870ರ ದಶಕದಲ್ಲಿ ವರ್ಷಗಟ್ಟಲೆ ನೋಡಿ, ಸಹಸ್ರಾರು ವೀಕ್ಷಣೆಗಳನ್ನು ದಾಖಲಿಸಿ, ನೆಲವು ಚಳಿಗಾಲದಲ್ಲಿ ಹೆಚ್ಚು ಕಂಪಿಸುತ್ತದೆಂದೂ ಅದಕ್ಕೂ ಹವೆಯ ಏರುಪೇರಿಗೂ ಸಂಬಂಧವಿದೆಯೆಂದೂ ಆತನು ತೋರಿಸಿದನು. ಶಾಲೆಯೊಂದರ ಗೋಡೆಯೊಳಗೆ, ಸಾಮಾನ್ಯ ಸಲಕರಣೆಯಿಂದ, ತಾಳ್ಮೆಯೊಂದನ್ನೇ ಬಂಡವಾಳವಾಗಿರಿಸಿಕೊಂಡು ಈ ವಿಜ್ಞಾನವು ಆರಂಭವಾಯಿತೆಂಬುದು ಶಿಕ್ಷಕರಿಗೆ ಗಮನಾರ್ಹ ಸಂಗತಿ.

ಕಂಪನಗಳನ್ನು ಅವುಗಳ ಆವೃತ್ತಿಯ ಮೇರೆಗೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಆಡುತ್ತವೆಂಬುದರ ಮೇರೆಗೆ, ಎರಡು ಗುಂಪುಗಳಾಗಿ ವಿಂಗಡಿಸಬಹುದು. ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಸಲ ಆಡುವ ನಿಧಾನ ಕಂಪನಗಳು ಬಹುಪಾಲು ಸಮುದ್ರದವು. ಎದುರುಬದುರಾಗಿ ಬರುವ ಎರಡು ಅಲೆಗಳು ಕೂಡಿದಾಗ ಕಡಲ ತಳದ ಮೇಲೆ ಇಮ್ಮಡಿ ಆವೃತ್ತಿಯ ಒತ್ತಡ ಬೀಳುತ್ತದೆಂದು 1950ರಲ್ಲಿ ಇಂಗ್ಲೆಂಡಿನ ಲಾಂಗೆಟ್-ಹಿಗಿನ್ಸ್ ಗಣಿತದಿಂದ ಸಿದ್ಧಪಡಿಸಿದನು. ಸೇಡಂ ಪಟ್ಟಣವು ಅರಬ್ಬೀ ಸಮುದ್ರದಿಂದ 400 ಕಿಲೋಮೀಟರಿಗೂ ದೂರದಲ್ಲಿದೆ. ಆದರೂ ಕಡಲು ಉಕ್ಕಿದಾಗ ಅದರ ಮಿಡಿತ ಇಲ್ಲಿನ ಬಂಡೆಯಲ್ಲಿಯೂ ಸಣ್ಣಗೆ ಹರಿಯುತ್ತದೆ.

ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಆಡುವ ಬಿರುಸಿನ ಕಂಪನಗಳು ಹೆಚ್ಚಾಗಿ ಮನುಷ್ಯಕೃತವಾದವು. 2020ರ ಲಾಕ್‌ಡೌನ್ ಕಾಲದಲ್ಲಿ ಜಗತ್ತಿನ ಅನೇಕ ಭೂಕಂಪ ಕೇಂದ್ರಗಳಲ್ಲಿ ಈ ಬಗೆಯ ಕಂಪನ ಅರ್ಧದಷ್ಟು ತಗ್ಗಿದುದು ಇದಕ್ಕೆ ಸಾಕ್ಷಿ. ಈ ಸೀಮೆಯಲ್ಲಂತೂ ಇವುಗಳಿಗೆ ಕೊರತೆಯಿಲ್ಲ. ಮುಂಬಯಿ–ಚೆನ್ನೈ ರೈಲುಮಾರ್ಗವು ಶಹಾಬಾದ, ವಾಡಿಗಳ ಮೂಲಕ ಹಾಯುತ್ತದೆ. 1874ರಲ್ಲಿ ತೆರೆದ ನಿಜಾಮರ ರೈಲುಮಾರ್ಗವು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಹೈದರಾಬಾದಿನತ್ತ ಸಾಗುತ್ತದೆ. ಸರಕುಗಾಡಿಗಳ ಓಡಾಟ, ಗಣಿಗಳಲ್ಲಿ ಕಲ್ಲೊಡೆಯುವ ಯಂತ್ರಗಳು, ಕಾರ್ಖಾನೆಗಳ ಅರೆಯುವ ಗಿರಣಿಗಳು, ಲಾರಿಗಳು, ಗಾಳಿಗೆ ತೂಗುವ ಮರಗಳು — ಇವೆಲ್ಲವೂ ನೆಲಕ್ಕೆ ತಮ್ಮ ಪಾಲಿನ ಕಂಪನವನ್ನು ಕೊಡುತ್ತವೆ.

ಮೂಲತತ್ತ್ವ: ಕೊಡ ತುಂಬುವ ಸದ್ದು

ನಳದ ಕೆಳಗೆ ಕೊಡವಿಟ್ಟ ಗೃಹಿಣಿಯು ಒಳಗೆ ಬಗ್ಗಿ ನೋಡದೆಯೇ ಕೊಡ ತುಂಬುತ್ತ ಬಂದುದನ್ನು ಬಲ್ಲಳು. ಬರಿದಾದ ಕೊಡದ ಸದ್ದು ದಪ್ಪ. ನೀರು ಮೇಲೇರಿದಂತೆ ಸದ್ದು ಕೀರಲಾಗುತ್ತದೆ. ನೀರಿನ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡವಾದಷ್ಟೂ ಅದರ ಆವೃತ್ತಿ ಏರುವುದೇ ಇದಕ್ಕೆ ಕಾರಣ. ಬೀಳುವ ನೀರಿನ ಸದ್ದಿನಲ್ಲಿ ಎಲ್ಲ ಸ್ವರಗಳೂ ಕಲಸಿಹೋಗಿದ್ದರೂ ಕೊಡವು ತನಗೆ ಹೊಂದುವ ಸ್ವರವನ್ನು ಮಾತ್ರ ಆಯ್ದು ದೊಡ್ಡದು ಮಾಡುತ್ತದೆ.

ಗಟ್ಟಿಬಂಡೆಯ ಮೇಲೆ ಕೂತ ಮೆತ್ತನೆಯ ಮಣ್ಣಿನ ಪದರವೂ ಇಂತಹದೇ ಒಂದು ಕೊಡ. ಕೆಳಗೆ ಬಂಡೆ ಅದನ್ನು ಬಿಗಿಹಿಡಿದಿದೆ. ಮೇಲಿನ ಮೈ ತೆರೆದಿದೆ. ನಿತ್ಯಕಂಪನದ ಗದ್ದಲದಲ್ಲಿ ಮಣ್ಣಿನ ಪದರವು ತನ್ನ ಸಹಜ ಆವೃತ್ತಿಯನ್ನು ಮಾತ್ರ ಎತ್ತಿ ತೋರಿಸುತ್ತದೆ. ಲೆಕ್ಕದ ಸೂತ್ರ ಬಹು ಸರಳವಾದುದು: ಮಣ್ಣಿನಲ್ಲಿ ಅಡ್ಡತರಂಗವು ಸೆಕೆಂಡಿಗೆ ಎಷ್ಟು ಮೀಟರ್ ಸಾಗುವುದೋ ಆ ವೇಗವನ್ನು, ಪದರದ ದಪ್ಪದ ನಾಲ್ಕರಷ್ಟರಿಂದ ಭಾಗಿಸಿದರೆ ಬರುವುದೇ ಸಹಜ ಆವೃತ್ತಿ. ಎರೆಮಣ್ಣಿನಲ್ಲಿ ವೇಗವು ಸೆಕೆಂಡಿಗೆ 160 ಮೀಟರ್ ಎಂದು ಇಟ್ಟುಕೊಂಡರೆ, 2 ಮೀಟರ್ ದಪ್ಪದ ಪದರಕ್ಕೆ 20 ಹರ್ಟ್ಸ್, 4 ಮೀಟರಿಗೆ 10 ಹರ್ಟ್ಸ್, 8 ಮೀಟರಿಗೆ 5 ಹರ್ಟ್ಸ್ ಬರುತ್ತದೆ. ಲೆಕ್ಕವನ್ನು ತಿರುವಿ ಹಾಕಿದರೆ, ಆವೃತ್ತಿಯನ್ನು ಅಳೆದು ದಪ್ಪವನ್ನು ತಿಳಿಯಬಹುದು. ಆದರೆ ವೇಗವು ಗೊತ್ತಿರಲೇಬೇಕು. ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದೆಂಬುದು ಹೈಸ್ಕೂಲು ವಿದ್ಯಾರ್ಥಿಗೂ ತಿಳಿದ ಮಾತು.

ಅಳೆಯುವ ಎರಡು ವಿಧಾನಗಳು

ಮೊದಲನೆಯ ವಿಧಾನಕ್ಕೆ ಒಂದೇ ಯಂತ್ರ ಸಾಕು. ಅದು ನೆಲದ ಚಲನೆಯನ್ನು ಮೂರು ದಿಕ್ಕುಗಳಲ್ಲಿ ಅಳೆಯುತ್ತದೆ: ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ. ಮೆತ್ತನೆಯ ಮಣ್ಣು ಅಡ್ಡ ಚಲನೆಯನ್ನು ಹಿಗ್ಗಿಸುವಷ್ಟು ಲಂಬ ಚಲನೆಯನ್ನು ಹಿಗ್ಗಿಸುವುದಿಲ್ಲ. ಆದ್ದರಿಂದ ಅಡ್ಡ ಚಲನೆಯನ್ನು ಲಂಬ ಚಲನೆಯಿಂದ ಭಾಗಿಸಿ, ಆ ಪ್ರಮಾಣವು ಯಾವ ಆವೃತ್ತಿಯಲ್ಲಿ ಶಿಖರದಂತೆ ಏಳುತ್ತದೆಂದು ನೋಡಿದರೆ ಪದರದ ಸಹಜ ಆವೃತ್ತಿ ದೊರೆಯುತ್ತದೆ. ಜಪಾನಿನ ನೊಗೊಶಿ ಮತ್ತು ಇಗರಾಶಿ 1971ರಲ್ಲಿ ಸೂಚಿಸಿದ ಈ ವಿಧಾನವನ್ನು, ಅಲ್ಲಿನ ರೈಲ್ವೆ ಸಂಶೋಧನಾಲಯದ ನಕಮುರಾ 1989ರಲ್ಲಿ ಬಳಕೆಗೆ ತಂದನು. ಅರ್ಧ ಗಂಟೆಯ ದಾಖಲೆ ಸಾಮಾನ್ಯವಾಗಿ ಸಾಕಾಗುವುದರಿಂದ ಒಂದೇ ದಿನದಲ್ಲಿ ಒಂದು ಊರಿನ ಹಲವು ಓಣಿಗಳನ್ನು ಪರೀಕ್ಷಿಸಬಹುದು.

ಎರಡನೆಯ ವಿಧಾನವು ವೇಗವನ್ನು ಅಳೆಯುತ್ತದೆ. ನೆಲದ ಮೇಲ್ಮೈಯನ್ನು ಹಿಡಿದು ಹರಿಯುವ ತರಂಗಗಳಲ್ಲಿ ಒಂದು ವಿಶೇಷವಿದೆ: ಉದ್ದನೆಯವು ಆಳದ ಪದರಗಳನ್ನು ಸೋಕುತ್ತವೆ, ಗಿಡ್ಡನೆಯವು ಮೇಲಿನ ಪದರದಲ್ಲಿಯೇ ಉಳಿಯುತ್ತವೆ. ತರಂಗವೊಂದು ತನ್ನ ಉದ್ದದ ಮೂರನೆಯ ಒಂದು ಭಾಗದಿಂದ ಅರ್ಧದವರೆಗಿನ ಆಳದ ಗುಣವನ್ನು ಹೇಳುತ್ತದೆಂಬುದು ರೂಢಿಯ ಅಂದಾಜು. 10 ಹರ್ಟ್ಸ್ ಆವೃತ್ತಿಯ ತರಂಗವು ಸೆಕೆಂಡಿಗೆ 300 ಮೀಟರ್ ಸಾಗಿದರೆ ಅದರ ಉದ್ದ 30 ಮೀಟರ್. ಅದು 10ರಿಂದ 15 ಮೀಟರ್ ಆಳದವರೆಗಿನ ವಾರ್ತೆಯನ್ನು ತರುತ್ತದೆ. 30 ಹರ್ಟ್ಸ್ ತರಂಗವು ಸೆಕೆಂಡಿಗೆ 150 ಮೀಟರ್ ಸಾಗಿದರೆ ಅದರ ಉದ್ದ ಐದೇ ಮೀಟರ್. ಅದರ ವಾರ್ತೆ ಎರಡು ಮೀಟರಿನ ಆಸುಪಾಸಿನದು. ಹೀಗೆ ಪ್ರತಿಯೊಂದು ಆವೃತ್ತಿಯ ವೇಗವನ್ನೂ ಅಳೆದು ಜೋಡಿಸಿದರೆ ಮೇಲಿನಿಂದ ಕೆಳಗಿನವರೆಗೆ ನೆಲದ ಚಿತ್ರವೊಂದು ಮೂಡುತ್ತದೆ.

ಇದಕ್ಕೆ ಯಂತ್ರಗಳ ಒಂದು ಗುಂಪು ಬೇಕು. ಒಂದನ್ನು ನಡುವೆ ಇಟ್ಟು ಉಳಿದವುಗಳನ್ನು ಸುತ್ತಲೂ ವೃತ್ತಾಕಾರದಲ್ಲಿ ಇರಿಸಿ, ನಡುವಿನ ಮತ್ತು ಸುತ್ತಲಿನ ಕಂಪನಗಳು ಎಷ್ಟರಮಟ್ಟಿಗೆ ಒಂದನ್ನೊಂದು ಹೋಲುತ್ತವೆಂಬುದರಿಂದ ವೇಗವನ್ನು ಕಂಡುಹಿಡಿಯುವ ಗಣಿತವನ್ನು 1957ರಲ್ಲಿ ಜಪಾನಿನ ಕೇಯಿಟಿ ಅಕಿ ರಚಿಸಿದನು. ಕಂಪನವು ಯಾವ ದಿಕ್ಕಿನಿಂದ ಬಂದರೂ ಈ ವೃತ್ತವು ಅದನ್ನು ಸಮನಾಗಿ ಸ್ವೀಕರಿಸುತ್ತದೆ. ಯಂತ್ರಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಈ ಅನುಕೂಲವಿಲ್ಲ. ಸಾಲಿಗೆ ಓರೆಯಾಗಿ ಬಂದ ತರಂಗವು ತನ್ನ ನಿಜವೇಗಕ್ಕಿಂತ ಹೆಚ್ಚು ವೇಗವಾಗಿ ಸಾಗಿದಂತೆ ತೋರುತ್ತದೆ. ವಾಡಿ–ಸೇಡಂ ಮಾರ್ಗದ ಪಕ್ಕದ ಹೊಲದಲ್ಲಿ ಕಂಪನವೆಲ್ಲ ರೈಲುಹಳಿಯ ಕಡೆಯಿಂದಲೇ ಬರುವಾಗ ಈ ಎಚ್ಚರ ಇಲ್ಲದಿದ್ದರೆ ಮೆತ್ತನೆಯ ಮಣ್ಣೂ ಗಟ್ಟಿಯೆಂದು ಲೆಕ್ಕಕ್ಕೆ ಬಂದೀತು.

ಯಂತ್ರಗಳ ಗುಂಪಿನಿಂದ ಕಂಪನವನ್ನು ಓದುವ ಕಾರ್ಯವು ಕರ್ನಾಟಕಕ್ಕೆ ಹೊಸತಲ್ಲ. ಗೌರಿಬಿದನೂರಿನ ಗಟ್ಟಿಬಂಡೆಯ ಮೇಲೆ 1965ರಲ್ಲಿಯೇ ಇಪ್ಪತ್ತು ಭೂಕಂಪ ಮಾಪಕಗಳನ್ನು ಕಾಟಕೋನದ ಎರಡು ಬಾಹುಗಳಂತೆ ಹರಡಿ, ದೂರದೇಶಗಳ ಅಣ್ವಸ್ತ್ರ ಸ್ಫೋಟಗಳನ್ನು ಗುರುತಿಸುವ ಕೇಂದ್ರವೊಂದನ್ನು ಸ್ಥಾಪಿಸಲಾಯಿತು. ಅಲ್ಲಿ ನಿತ್ಯಕಂಪನವು ಅಳಿಸಿಹಾಕಬೇಕಾದ ಕಸವಾಗಿತ್ತು. ಇಲ್ಲಿ ಹೇಳಿದ ವಿಧಾನಗಳಲ್ಲಿ ಆ ಕಸವೇ ರಸವಾಗುತ್ತದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೀತಾರಾಮ್ ಮತ್ತು ಅನ್ಬಳಗನ್ ಅವರು ಬೆಂಗಳೂರು ನಗರದ ಸುಮಾರು 220 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮೇಲ್ಮೈ ತರಂಗ ಹಾಗೂ ನಿತ್ಯಕಂಪನಗಳ ಅಧ್ಯಯನ ನಡೆಸಿ, ಹೂಳು ತುಂಬಿದ ಕೆರೆಯಂಗಳಕ್ಕೂ ಬಂಡೆಯ ದಿಣ್ಣೆಗೂ ಇರುವ ಅಂತರವನ್ನು ನಕಾಶೆಗಳಲ್ಲಿ ತೋರಿಸಿದರು.

ಮೋಸಹೋಗುವ ಸ್ಥಳಗಳು

ಉಪಾಯ ಸರಳವೆಂದ ಮಾತ್ರಕ್ಕೆ ಅದು ನಿರಪಾಯಕರವಲ್ಲ. ಈ ಸೀಮೆಯಲ್ಲಿ ಮುಖ್ಯವಾಗಿ ಮೂರು ಎಚ್ಚರಗಳು ಬೇಕು.

ಮೊದಲನೆಯದು ಕಾರ್ಖಾನೆಗಳದು. ತಿರುಗುವ ಭಾರಿ ಯಂತ್ರವು ಗಡಿಯಾರದಂತೆ ಒಂದೇ ಆವೃತ್ತಿಯಲ್ಲಿ ನೆಲವನ್ನು ಕುಟ್ಟುತ್ತದೆ. ವಾಡಿಯಲ್ಲಿಯೋ ಮಳಖೇಡದಲ್ಲಿಯೋ ಅಳತೆಗೆ ಕುಳಿತವನಿಗೆ ಅದರ ಶಿಖರವು ನೆಲದ ಸಹಜ ಆವೃತ್ತಿಯೆಂಬ ಭ್ರಮೆ ಹುಟ್ಟಿಸಬಹುದು. ಯಂತ್ರದ ಶಿಖರವು ಸೂಜಿಯಂತೆ ಮೊನಚಾಗಿದ್ದು ಮೂರೂ ದಿಕ್ಕುಗಳ ದಾಖಲೆಯಲ್ಲಿ ಒಂದೇ ಕಡೆ ಕಾಣುತ್ತದೆ. ಮಣ್ಣಿನ ಶಿಖರವು ಅಗಲವಾಗಿದ್ದು ಅಡ್ಡ ಚಲನೆಯಲ್ಲಿ ಎದ್ದು ತೋರುತ್ತದೆ. ಯಂತ್ರ ನಿಂತ ವೇಳೆಯಲ್ಲಿ ಮತ್ತೊಮ್ಮೆ ಅಳೆದರೆ ಸಂಶಯ ಪರಿಹಾರವಾಗುತ್ತದೆ.

ಎರಡನೆಯದು ಪದರಗಳ ಕ್ರಮ. ಮೇಲೆ ಮೆತ್ತಗೆ, ಕೆಳಗೆ ಗಟ್ಟಿ ಎಂಬ ಭಾವನೆಯ ಮೇಲೆ ಸೂತ್ರವು ನಿಂತಿದೆ. ಆದರೆ ಚಿಂಚೋಳಿಯ ಎತ್ತರದಲ್ಲಿ ಗಟ್ಟಿ ಜಂಬಿಟ್ಟಿಗೆಯ ಅಡಿಯಲ್ಲಿ ಮೆತ್ತನೆಯ ಜೇಡಿಯಿರಬಹುದು. ಸುಣ್ಣಕಲ್ಲಿನ ಅಡಿಯಲ್ಲಿ ಜೇಡಿಗಲ್ಲು ಇರಬಹುದು. 1993ರ ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ ಕೊರೆದ 617 ಮೀಟರ್ ಆಳದ ಬಾವಿಯಲ್ಲಿ 338 ಮೀಟರ್ ಕರಿಗಲ್ಲಿನ ಕೆಳಗೆ 8 ಮೀಟರ್ ಮೆತ್ತನೆಯ ಪದರ ದೊರೆತು, ಆಮೇಲೆ ಮೂಲಶಿಲೆ ಸಿಕ್ಕಿತು. ಇಂತಹ ತಲೆಕೆಳಗಾದ ಕ್ರಮವಿದ್ದಲ್ಲಿ ಪ್ರಮಾಣದ ರೇಖೆಯು ಶಿಖರವನ್ನು ತೋರದೆ, ವಿಶಾಲವಾಗಿ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಬರಿಯ ಬಂಡೆಯ ಮೇಲೆ, ಶಹಾಬಾದಿನ ಕಲ್ಲುಗಣಿಯ ತಳದಂತಹ ಸ್ಥಳದಲ್ಲಿ, ರೇಖೆಯು ಬಹುಮಟ್ಟಿಗೆ ಸಪಾಟಾಗಿರುತ್ತದೆ.

ಮೂರನೆಯದು ಋತುಮಾನ. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಎರಡು ಕಾಲಗಳಲ್ಲಿಯೂ ಅದರ ತರಂಗವೇಗ ಒಂದೇ ಆಗಿರುವುದಿಲ್ಲ. ವೈಶಾಖದಲ್ಲಿ ಅಳೆದ ಅಂಕಿಯನ್ನು ಭಾದ್ರಪದಕ್ಕೆ ಅನ್ವಯಿಸುವವನು ತಪ್ಪು ಮಾಡುವನು. ಆದ್ದರಿಂದ ಒಂದೆರಡು ಕಡೆಯಾದರೂ ಬಾವಿಯ ಗೋಡೆಯನ್ನೋ ಕೊಳವೆಬಾವಿ ತೋಡುವಾಗ ಬಂದ ಮಣ್ಣು-ಕಲ್ಲುಗಳನ್ನೋ ನೋಡಿ ಲೆಕ್ಕವನ್ನು ತಾಳೆಹಾಕುವುದು ಅವಶ್ಯ.

ಮನೆಗೂ ಮಣ್ಣಿಗೂ ಇರುವ ಸಂಬಂಧ

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರವನ್ನು ಹಾಳುಗೆಡವಿದ ಭೂಕಂಪದ ಕೇಂದ್ರವು ನಗರದಿಂದ 350 ಕಿಲೋಮೀಟರಿಗೂ ದೂರದಲ್ಲಿತ್ತು. ನಗರದ ಒಂದು ಭಾಗ ಹಳೆಯ ಕೆರೆಯ ಕೆಸರಿನ ಮೇಲೆ ನಿಂತಿದ್ದು, ಆ ಕೆಸರಿನ ಸಹಜ ತೂಗಾಟ ಎರಡು ಸೆಕೆಂಡುಗಳ ಆಸುಪಾಸಿನದಾಗಿತ್ತು. ಅದಕ್ಕೆ ತಾಳ ಕೂಡಿದ ಎತ್ತರದ ಕಟ್ಟಡಗಳು ವಿಶೇಷವಾಗಿ ಕುಸಿದವು. ಮಣ್ಣಿನ ತಾಳವೂ ಕಟ್ಟಡದ ತಾಳವೂ ಕೂಡಿದಲ್ಲಿ ಹಾನಿ ಹೆಚ್ಚುವುದೆಂಬುದು ಅದರಿಂದ ಕಲಿತ ಪಾಠ.

ಕಟ್ಟಡಗಳ ತೂಗಾಟವು ಅಂತಸ್ತಿಗೆ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗವೆಂಬುದು ಇಂಜಿನಿಯರುಗಳ ಸ್ಥೂಲ ಅಂದಾಜು. ಅಂದರೆ ಒಂದಂತಸ್ತಿನ ಮನೆಯ ಆವೃತ್ತಿ ಸುಮಾರು 10 ಹರ್ಟ್ಸ್. ಮೇಲಿನ ಲೆಕ್ಕವನ್ನು ವಾಚಕರು ಮತ್ತೊಮ್ಮೆ ನೋಡಬೇಕು: ನಾಲ್ಕು ಮೀಟರ್ ಎರೆಮಣ್ಣಿನ ಆವೃತ್ತಿಯೂ 10 ಹರ್ಟ್ಸ್. ಮೂರಂತಸ್ತಿನ ಕಟ್ಟಡಕ್ಕೆ ಹೊಂದುವ ತಾಳ ಸಿಗಬೇಕಾದರೆ ಅದೇ ಮಣ್ಣು ಹನ್ನೆರಡು ಮೀಟರ್ ದಪ್ಪವಿರಬೇಕು. ಹಾಗಾಗಿ ಎತ್ತರದ ಕಟ್ಟಡಕ್ಕೆ ಮಾತ್ರ ಭೂಕಂಪದ ಭಯವೆಂಬ ಸಾಮಾನ್ಯ ನಂಬಿಕೆಯು ತೆಳುವಾದ ಎರೆಮಣ್ಣಿನ ಊರುಗಳ ಮಟ್ಟಿಗೆ ಸರಿಯಲ್ಲ. ಅಲ್ಲಿ ಒಂದಂತಸ್ತಿನ ಕಲ್ಲುಮನೆಯೇ ಮಣ್ಣಿನ ತಾಳಕ್ಕೆ ಸಿಕ್ಕುವ ಸಂಭವ ಹೆಚ್ಚು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯಲ್ಲಿ ಆದ ಭೂಕಂಪದ ಪ್ರಮಾಣ 6.2. ಇಂತಹ ಪ್ರಮಾಣದ ಭೂಕಂಪಗಳು ಜಗತ್ತಿನಲ್ಲಿ ಪ್ರತಿವರ್ಷವೂ ಅನೇಕ ಸಲ ಆಗುತ್ತವೆ. ಆದರೂ ಅಂದು ಸುಮಾರು 10,000 ಜನರು ಮಡಿದರು. ಅವರನ್ನು ಕೊಂದದ್ದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಹಾಗೂ ಅವುಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆಗಳು. ಕಿಲ್ಲಾರಿಯು ಚಿಂಚೋಳಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಕಲ್ಲುಗೋಡೆ ಮತ್ತು ಮಾಳಿಗೆಯ ಆ ಪದ್ಧತಿ ಈ ಭಾಗದ ಹಳ್ಳಿಗಳಿಗೂ ಪರಿಚಿತವಾದುದೇ.

ನಿತ್ಯಕಂಪನದ ಅಧ್ಯಯನವು ಭೂಕಂಪ ಯಾವಾಗ ಬರುವುದೆಂದು ಹೇಳುವುದಿಲ್ಲ; ಹಾಗೆ ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಬಂದರೆ ಯಾವ ಓಣಿಯ ನೆಲ ಹೆಚ್ಚು ಆಡುವುದು, ಎಲ್ಲಿ ತಳಪಾಯವನ್ನು ಬಂಡೆಯವರೆಗೆ ಇಳಿಸಬಹುದು, ಶಾಲೆ ಆಸ್ಪತ್ರೆಗಳನ್ನು ಯಾವ ದಿಣ್ಣೆಯ ಮೇಲೆ ಕಟ್ಟುವುದು ಲೇಸು ಎಂಬುದನ್ನು ಅದು ಹೇಳುತ್ತದೆ. ಗೋಡೆಗೆ ಸಿಮೆಂಟಿನ ಗಾರೆ, ಗೋಡೆಯ ಸುತ್ತ ಕಿಟಕಿ-ಬಾಗಿಲುಗಳ ಮೇಲ್ಭಾಗದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ, ಗೋಡೆಯ ಎರಡೂ ಮೈಗಳನ್ನು ಬೆಸೆಯುವ ಉದ್ದನೆಯ ಅಡ್ಡಗಲ್ಲು, ಹಗುರವಾದ ಮಾಡು — ಇವು ಜೀವ ಉಳಿಸುವ ಉಪಾಯಗಳು. ಎಲ್ಲಿ ಇವು ಮೊದಲು ಬೇಕೆಂಬುದನ್ನು ನೆಲವೇ ತಿಳಿಸುತ್ತದೆ.

ಶಾಲೆಯಲ್ಲಿ ಮಾಡಬಹುದಾದ ಪಾಠ

ಈ ತತ್ತ್ವವನ್ನು ಬೋಧಿಸಲು ಬೆಲೆಬಾಳುವ ಯಂತ್ರ ಬೇಕಿಲ್ಲ. ಬರಿದಾದ ಕೊಡಕ್ಕೆ ನೀರು ತುಂಬಿಸುತ್ತ ಸ್ವರದ ಏರಿಕೆಯನ್ನು ವಿದ್ಯಾರ್ಥಿಗಳಿಂದ ಗುರುತಿಸಬಹುದು. ರೈಲುಮಾರ್ಗದ ಸಮೀಪದ ಶಾಲೆಯಲ್ಲಿ ಹರಿವಾಣದ ತುಂಬ ನೀರಿಟ್ಟು, ಅದರಿಂದ ಗೋಡೆಯ ಮೇಲೆ ಬಿದ್ದ ಬಿಸಿಲಿನ ಬಿಂಬವು ಗಾಡಿ ಹಾಯುವಾಗ ಹೇಗೆ ನಡುಗುತ್ತದೆಂದು ತೋರಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ತೆರೆದ ಬಾವಿಗಳಲ್ಲಿ ಎಷ್ಟು ಮೊಳಕ್ಕೆ ಎರೆಮಣ್ಣು ಮುಗಿದು ಎಷ್ಟಕ್ಕೆ ಕಲ್ಲು ಆರಂಭವಾಗುತ್ತದೆಂದು ಹಿರಿಯರನ್ನು ಕೇಳಿ ಬರೆದು ತಂದರೆ, ನಾಲ್ಕಾರು ವರ್ಷಗಳಲ್ಲಿ ಒಂದು ಹೋಬಳಿಯ ಮಣ್ಣಿನ ದಪ್ಪದ ನಕಾಶೆ ಸಿದ್ಧವಾಗುತ್ತದೆ. ಮುಂದೆ ಯಂತ್ರದೊಡನೆ ಬರುವ ತಜ್ಞನಿಗೆ ತಾಳೆನೋಡಲು ಅದಕ್ಕಿಂತ ಒಳ್ಳೆಯ ಆಧಾರ ಬೇರೊಂದಿಲ್ಲ. ಗಣಿ, ರೈಲ್ವೆ ಮತ್ತು ಕಟ್ಟಡ ಕಾಮಗಾರಿಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ತಾವು ಅಗೆದು ಕಂಡ ಪದರಗಳ ವಿವರವನ್ನು ಶಾಲೆಗೆ ತಿಳಿಸಿದರೆ ಆ ನಕಾಶೆ ಇನ್ನಷ್ಟು ತುಂಬುತ್ತದೆ.

ಗಡಿಕೇಶ್ವಾರದ ರಾತ್ರಿಗಳಲ್ಲಿ ಜನರನ್ನು ಕಾಡಿದ್ದು ಸದ್ದಿಗಿಂತ ಹೆಚ್ಚಾಗಿ ಆ ಸದ್ದಿನ ಅರ್ಥ ತಿಳಿಯದಿದ್ದ ಸಂಕಟ. ನೆಲವು ಸದಾ ಮಾತನಾಡುತ್ತಿದೆಯೆಂದೂ ಆ ಮಾತಿಗೆ ಲೆಕ್ಕವಿದೆಯೆಂದೂ ಬಾಲ್ಯದಲ್ಲಿಯೇ ಕಲಿತವನು ಮುಂದೆ ಮನೆ ಕಟ್ಟುವಾಗ ಎರಡು ಅಡಿ ಹೆಚ್ಚು ಅಗೆಯುವನು, ಗೋಡೆಗೆ ಒಂದು ಪಟ್ಟಿ ಹೆಚ್ಚು ಹಾಕಿಸುವನು. ಶಾಲೆಯ ಪಾಠವೊಂದು ಒಂದು ಮನೆಯನ್ನಾದರೂ ನಿಲ್ಲಿಸಿದರೆ ಅದು ಸಾರ್ಥಕವಾದಂತೆಯೇ ಸರಿ.